ಟವರ್‌ಗೆ 4ಜಿ ಬಂತು, ಬಾರ್ ಫುಲ್ ಇದೆ, ಆದರೂ ಫೋನ್ ಯಾಕೆ ಹೋಗಲ್ಲ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು, ಯಸಳೂರು ಕಡೆ. ಸ್ವಲ್ಪ ಕಾಫಿ ತೋಟ, ಮೆಣಸು, ನಾಲ್ಕು ಪೆಟ್ಟಿಗೆ ತುಡುವೆ ಜೇನು ಇದೆ. ಎರಡು ತಿಂಗಳ ಹಿಂದೆ ನಮ್ಮೂರ ಟವರ್‌ಗೆ ಹೊಸ ಆಂಟೆನಾ ಹಾಕಿ 4ಜಿ ಮಾಡಿದರು. ಅವತ್ತಿನಿಂದ ನನ್ನ ಫೋನಿನಲ್ಲಿ ಬಾರ್ ಫುಲ್ ತೋರಿಸುತ್ತದೆ, ಆದರೆ ನೆಟ್ ಓಡುವುದಿಲ್ಲ. ಕಾಲ್ ಮಾಡಿದರೆ ತುಂಬಾ ಹೊತ್ತು ಸುಮ್ಮನಿದ್ದು ಕಟ್ ಆಗುತ್ತದೆ. ಮಳೆ ಬಂದರಂತೂ ಪೂರ್ತಿ ಹೋಗುತ್ತದೆ. ಫೋನ್ 2017ರಲ್ಲಿ ಹಾಸನದಲ್ಲಿ ತಗೊಂಡ 4ಜಿ ಸೆಟ್. ಸಿಮ್ ಅದಕ್ಕಿಂತ ಹಳೆಯದು. ಅಂಗಡಿಯವರು 5ಜಿ ಫೋನ್ ತಗೊಳ್ಳಿ ಅಂತಾರೆ. ಪಕ್ಕದ ತೋಟದವರು ಸಿಗ್ನಲ್ ಜೋರು ಮಾಡುವ ಬೂಸ್ಟರ್ ತರಿಸಿ ಅಂತಾರೆ. ಹಳೇ ಸಿಮ್ ಬ್ಲಾಕ್ ಆಗುತ್ತೆ, ಓಟಿಪಿ ಹೇಳಿ ಅಂತ ಒಬ್ಬರು ಕಾಲ್ ಮಾಡಿದ್ದರು. ಅತ್ತೆಯ ಹತ್ತಿರ ಕೀಪ್ಯಾಡ್ ಫೋನ್ ಇದೆ, ಅದು ನಿಂತುಹೋಗುತ್ತಾ? ಹೊಸ ಟವರ್‌ನಿಂದ ಜೇನು ಹೋಗುತ್ತೆ ಅಂತಲೂ ಹೇಳುತ್ತಾರೆ, ನಿಜವಾ? ಆನೆ ಎಲ್ಲಿದೆ ಅನ್ನೋ ಮೆಸೇಜ್ ನಮಗೆ ಫೋನಿಗೇ ಬರೋದು. ಬೆಳಗ್ಗೆ ಕೆಲಸದವರನ್ನು ತೋಟಕ್ಕೆ ಕಳಿಸುವ ಮುಂಚೆ ಅದನ್ನು ನೋಡಲೇಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಆಲೂರು, ಸಕಲೇಶಪುರ ಭಾಗದಲ್ಲಿ ಆನೆಯ ಮೆಸೇಜ್ ತಡವಾಗಿ ಬಂದರೆ ಏನಾಗಬಹುದು ಎಂದು ನಿಮಗೆ ಯಾರೂ ಹೇಳಬೇಕಾಗಿಲ್ಲ. ಹಾಗಾಗಿ ವಿಡಿಯೊ ಎಷ್ಟು ಬೇಗ ಓಡುತ್ತದೆ ಎನ್ನುವುದು ಇಲ್ಲಿ ಎರಡನೇ ಮಾತು. ಮೆಸೇಜ್ ಬರಬೇಕು, ಕಾಲ್ ಹೋಗಬೇಕು. ಮುಂದೆ ಹೇಳುವುದನ್ನೆಲ್ಲ ಇದೇ ಲೆಕ್ಕದಲ್ಲಿ ಓದಿಕೊಳ್ಳಿ.

ಕಂಪನಿಯ ಹೆಸರನ್ನು ನಾನಿಲ್ಲಿ ಬಿಟ್ಟಿದ್ದೇನೆ. ಮಲೆನಾಡಿನ ಟವರ್‌ಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ಹೇಳುವುದಾದರೆ, ಟವರ್ ಬದಲಾದ ಮೊದಲ ಕೆಲವು ತಿಂಗಳು ಇಂಥ ದೂರು ಎಲ್ಲ ಕಂಪನಿಗಳ ಗಿರಾಕಿಗಳಿಂದಲೂ ಬರುತ್ತದೆ. ಕಾರಣಗಳೂ ಹೆಚ್ಚುಕಮ್ಮಿ ಒಂದೇ. ಟವರ್‌ನಲ್ಲಿ ಆಗುವುದು ಅರ್ಧ ಅಪ್‌ಗ್ರೇಡ್ ಮಾತ್ರ. ಉಳಿದರ್ಧ ಆಗಬೇಕಾದದ್ದು ನಿಮ್ಮ ಸಿಮ್‌ನಲ್ಲಿ, ಫೋನಿನಲ್ಲಿ, ಟವರ್‌ಗೆ ಬರುವ ಫೈಬರ್‌ನಲ್ಲಿ, ಕರೆಂಟಿನಲ್ಲಿ. ಇದರಲ್ಲಿ ಯಾವುದು ಕೈಕೊಟ್ಟಿದೆ ಎಂದು ಗೊತ್ತಾಗುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಮೊದಲು ಆ ಬಾರ್ ವಿಷಯ. ಬಾರ್ ಫುಲ್ ಇದ್ದರೆ ನೆಟ್ ಚೆನ್ನಾಗಿದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಬಾರ್ ಹೇಳುವುದು ಸಿಗ್ನಲ್ ಎಷ್ಟು ಜೋರಾಗಿದೆ ಎನ್ನುವುದನ್ನು ಮಾತ್ರ. ಎಷ್ಟು ಜೋರಿದ್ದರೆ ಎಷ್ಟು ಬಾರ್ ತೋರಿಸಬೇಕು ಎಂಬುದನ್ನೂ ಫೋನ್ ಕಂಪನಿಗಳು ತಮಗೆ ಬೇಕಾದ ಹಾಗೆ ಇಟ್ಟುಕೊಂಡಿವೆ. ಅದಕ್ಕಿಂತ ಮುಖ್ಯವಾದದ್ದು ಬಾರ್ ಪಕ್ಕದಲ್ಲಿರುವ ಸಣ್ಣ ಅಕ್ಷರ. ಈಗಲೇ ನೋಡಿ. ಅಲ್ಲಿ 4ಜಿ ಅಥವಾ ಎಲ್‌ಟಿಇ ಎಂದಿದೆಯಾ? ಅಥವಾ ಇಂಗ್ಲಿಷಿನ ‘ಇ’ ಅಕ್ಷರ ಇದೆಯಾ? ‘ಇ’ ಇದ್ದರೆ ನಿಮ್ಮ ಫೋನ್ ಇನ್ನೂ 2ಜಿಯಲ್ಲೇ ಕೂತಿದೆ. 2ಜಿಗೂ ಬಾರ್ ಫುಲ್ ಬರುತ್ತದೆ. ಅದರಲ್ಲಿ ವಾಟ್ಸಾಪ್ ಫೋಟೊ ತೆರೆಯುವುದೇ ಕಷ್ಟ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ಬಂದ ಅನುಮಾನವೇ ಇದು. ಏಕೆಂದರೆ ನಿಮ್ಮ ಸಿಮ್ ತುಂಬಾ ಹಳೆಯದು, ಫೋನ್ 2017ರದ್ದು.

ಹಳೆಯ 2ಜಿ, 3ಜಿ ಕಾಲದ ಸಿಮ್ ಹಾಕಿಕೊಂಡು 4ಜಿ ಸಿಗುವುದಿಲ್ಲ. ಟವರ್ ಎಷ್ಟೇ ಹೊಸದಾದರೂ ಸಿಮ್ ಆ ಬಾಗಿಲಿನೊಳಗೆ ಹೋಗುವುದಿಲ್ಲ. ಮೊದಲು ಈ ಹಳ್ಳಿಗಳಲ್ಲಿ 3ಜಿ ಇತ್ತು, ಅದರಲ್ಲೇ ನಿಮಗೆ ಒಂದಿಷ್ಟು ನೆಟ್ ಬರುತ್ತಿತ್ತು. 4ಜಿ ಹಾಕುವಾಗ 3ಜಿಯನ್ನು ನಿಲ್ಲಿಸುವುದು ಸಾಮಾನ್ಯ, ಅದೇ ತರಂಗಗಳನ್ನು 4ಜಿಗೆ ಬಳಸಿಕೊಳ್ಳುತ್ತಾರೆ. ಆಗ ಹಳೇ ಸಿಮ್ ಇರುವವರು ಒಂದು ಮೆಟ್ಟಿಲು ಹತ್ತುವ ಬದಲು ಒಂದು ಮೆಟ್ಟಿಲು ಇಳಿದು 2ಜಿಗೆ ಬೀಳುತ್ತಾರೆ. ‘4ಜಿ ಬಂದ ಮೇಲೆ ನಮ್ಮ ನೆಟ್ ಹಾಳಾಯ್ತು’ ಎನ್ನುವವರ ಮಾತು ಸುಳ್ಳಲ್ಲ, ಅವರ ಪಾಲಿಗೆ ಹಾಳಾಗಿರುವುದು ನಿಜ.

ಎರಡನೆಯದು ಫೋನ್ ಯಾವ ಬ್ಯಾಂಡ್, ಅಂದರೆ ತರಂಗಗಳ ಯಾವ ಗುಂಪು, ಹಿಡಿಯುತ್ತದೆ ಎಂಬುದು. 4ಜಿ ಫೋನ್ ಎಂದ ಮಾತ್ರಕ್ಕೆ ಎಲ್ಲ 4ಜಿಯನ್ನೂ ಹಿಡಿಯುವುದಿಲ್ಲ. ಬಿಎಸ್‌ಎನ್‌ಎಲ್ ತನ್ನ 4ಜಿಗೆ ಮುಖ್ಯವಾಗಿ 700 ಮತ್ತು 2100 ಮೆಗಾಹರ್ಟ್ಸ್ ಬಳಸುತ್ತದೆ, ಅಂದರೆ ಬ್ಯಾಂಡ್ 28 ಮತ್ತು ಬ್ಯಾಂಡ್ 1. ಜಿಯೋ 4ಜಿ ಓಡುವುದು 850, 1800, 2300ರಲ್ಲಿ, ಅಂದರೆ ಬ್ಯಾಂಡ್ 5, 3 ಮತ್ತು 40. 2017ರ ಸುಮಾರಿಗೆ ನಮ್ಮಲ್ಲಿ ಮಾರಾಟವಾದ ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಬ್ಯಾಂಡ್ 28 ಇರಲೇ ಇಲ್ಲ. ಫೋನಿನ ಮಾಡೆಲ್ ಹೆಸರು ಹಾಕಿ ಹುಡುಕಿದರೆ ಬ್ಯಾಂಡ್‌ಗಳ ಪಟ್ಟಿ ಸಿಗುತ್ತದೆ. ನಿಮ್ಮ ಕಂಪನಿಯ ಬ್ಯಾಂಡ್ ಅದರಲ್ಲಿ ಇದೆಯಾ ಎಂದು ನೋಡಿ.

ಮಲೆನಾಡಿಗೆ ಈ 700 ತುಂಬಾ ಬೇಕಾದದ್ದು. ಅದರ ಒಂದು ಅಲೆಯ ಉದ್ದ ಸುಮಾರು ಒಂದು ಮೊಳ. ಪೇಟೆಗಳಲ್ಲಿ 5ಜಿಗೆ ಹೆಚ್ಚಾಗಿ ಬಳಸುವ 3300ರ ಅಲೆ ಅಂಗೈ ಅಗಲದ್ದು. ಉದ್ದ ಅಲೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಸಾಲನ್ನು ದಾಟಿಕೊಂಡು, ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಕಣಿವೆಗೂ ಇಳಿಯುತ್ತದೆ. ಗಿಡ್ಡ ಅಲೆ ಎಲೆಯಲ್ಲೇ ಕರಗುತ್ತದೆ.

ಈಗ ಕಾಲ್ ಯಾಕೆ ಹೋಗುತ್ತಿಲ್ಲ ಎಂಬುದಕ್ಕೆ ಬರೋಣ. 4ಜಿಯಲ್ಲಿ ಮಾತು ಕೂಡ ಡೇಟಾ ಆಗಿಯೇ ಹೋಗುತ್ತದೆ, ಅದಕ್ಕೆ ವೋಲ್ಟಿ ಎನ್ನುತ್ತಾರೆ. ಫೋನಿನಲ್ಲಿ ವೋಲ್ಟಿ ಇಲ್ಲದಿದ್ದರೆ, ಅಥವಾ ಇದ್ದೂ ಆಫ್ ಆಗಿದ್ದರೆ, ನೀವು ನಂಬರ್ ಒತ್ತಿದ ತಕ್ಷಣ ಫೋನ್ 4ಜಿ ಬಿಟ್ಟು 2ಜಿ ಹುಡುಕಿಕೊಂಡು ಹೋಗುತ್ತದೆ. ಆ ಹೊತ್ತೇ ನೀವು ಹೇಳಿದ ‘ಸುಮ್ಮನಿರುವ’ ಹೊತ್ತು. 2ಜಿ ಬೇಗ ಸಿಕ್ಕರೆ ರಿಂಗ್ ಆಗುತ್ತದೆ, ಸಿಗದಿದ್ದರೆ ಕಟ್. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ತೆರೆದು ನಿಮ್ಮ ಸಿಮ್ ಒತ್ತಿದರೆ ವೋಲ್ಟಿ ಅಥವಾ 4ಜಿ ಕಾಲಿಂಗ್ ಎಂಬ ಗುಂಡಿ ಇರುತ್ತದೆ. ಅದನ್ನು ಆನ್ ಮಾಡಿ, ಫೋನ್ ಒಮ್ಮೆ ಆಫ್ ಮಾಡಿ ಹಾಕಿ. ಗುಂಡಿಯೇ ಕಾಣಿಸದಿದ್ದರೆ ಮೊದಲು ಹೊಸ ಸಿಮ್ ಹಾಕಿ ನೋಡಿ, ಸಾಫ್ಟ್‌ವೇರ್ ಅಪ್‌ಡೇಟ್ ಇದ್ದರೆ ಮಾಡಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ತೊಂದರೆ ಮುಗಿದದ್ದನ್ನು ನೋಡಿದ್ದೇನೆ.

ಇದೆಲ್ಲ ಸರಿಯಿದ್ದು, 4ಜಿ ಅಕ್ಷರವೂ ಬಂದು, ಬಾರೂ ಇದ್ದು ನೆಟ್ ಓಡದಿದ್ದರೆ? ಆಗ ಸಂಕಟ ಟವರ್ ಕಡೆಯದ್ದು. ಟವರ್‌ಗೂ ಹೊರಜಗತ್ತಿಗೂ ಸಂಪರ್ಕ ಕೊಡುವುದು ಫೈಬರ್ ಅಥವಾ ಇನ್ನೊಂದು ಟವರ್‌ಗೆ ಮುಖ ಮಾಡಿರುವ ಮೈಕ್ರೋವೇವ್ ಡಿಶ್. ಹೊಸ ಆಂಟೆನಾ ಹಾಕಿ ಆ ಸಂಪರ್ಕವನ್ನು ಹಳೆಯದೇ ಉಳಿಸಿದರೆ, ತೋಟದ ಸ್ಪ್ರಿಂಕ್ಲರ್‌ಗೆ ದೊಡ್ಡ ಜೆಟ್ ಕೂರಿಸಿ ಹೊಳೆಯಲ್ಲಿ ಹಳೇ ಮೋಟರನ್ನೇ ಬಿಟ್ಟ ಹಾಗೆ. ನೀರು ಅಷ್ಟೇ ಬರುತ್ತದೆ.

ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆಯಿರಿ. ಸಿಗ್ನಲ್ ಸ್ಟ್ರೆಂತ್ ಎಂಬಲ್ಲಿ ಮೈನಸ್ ಸಂಖ್ಯೆಯೊಂದು ಇರುತ್ತದೆ, ಮುಂದೆ ಡಿಬಿಎಂ ಎಂದಿರುತ್ತದೆ. 4ಜಿಯಲ್ಲಿ ಮೈನಸ್ 85 ಇದ್ದರೆ ಬಹಳ ಚೆನ್ನಾಗಿದೆ, ಮೈನಸ್ 100 ನಡೆಯುತ್ತದೆ, ಮೈನಸ್ 110 ದಾಟಿದರೆ ಕಷ್ಟ, ಮೈನಸ್ 120 ಎಂದರೆ ಇಲ್ಲವೆಂದೇ ತಿಳಿಯಿರಿ. ಆ ಸಂಖ್ಯೆ ನೋಡುತ್ತಾ ಮನೆಯಲ್ಲಿ ಓಡಾಡಿ. ಅಡುಗೆಮನೆಯಲ್ಲಿ ಮೈನಸ್ 116 ಇದ್ದದ್ದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮೈನಸ್ 98 ಆಗಬಹುದು. ಒಂದೆರಡು ಹೆಜ್ಜೆಗೇ ಇಷ್ಟು ವ್ಯತ್ಯಾಸ ಬರುತ್ತದೆ, ಶೀಟಿನ ಮಾಡು ಇದ್ದರಂತೂ ಇನ್ನೂ ಜಾಸ್ತಿ. ಸಂಖ್ಯೆ ಬದಲಾಗಲು ಕೆಲವು ಸೆಕೆಂಡು ಬೇಕು, ನಿಂತು ನೋಡಿ. ಕಣದಲ್ಲಿ ನೆಟ್ ಓಡಿ ಒಳಗೆ ಓಡದಿದ್ದರೆ ಅದು ಸಿಗ್ನಲ್ ಸಮಸ್ಯೆ. ಕಣದಲ್ಲೂ ಓಡದೆ, ಆದರೆ ಬೆಳಗಿನ ಜಾವ 5 ಗಂಟೆಗೆ ಚೆನ್ನಾಗಿ ಓಡಿ ರಾತ್ರಿ 8ಕ್ಕೆ ನಿಂತರೆ ಟವರ್ ಮೇಲೆ ಜನ ಜಾಸ್ತಿ. ಟವರ್ ಬುಡದಲ್ಲಿ ನಿಂತರೂ ಯಾವ ಹೊತ್ತಿನಲ್ಲೂ ಓಡದಿದ್ದರೆ ಹೊರಗಿನ ಸಂಪರ್ಕವೇ ಸಣ್ಣದು.

ಇನ್ನೊಂದು ಸಾಧ್ಯತೆ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಆಂಟೆನಾ ಬದಲಿಸುವಾಗ ಅದರ ಮುಖ ಮತ್ತು ಬಾಗು ಸ್ವಲ್ಪ ಬದಲಾಗುತ್ತದೆ. ಕೆಲವು ಡಿಗ್ರಿ ಕೆಳಗೆ ಬಾಗಿದರೂ ಗುಡ್ಡದ ಆಚೆಯ ನಾಲ್ಕು ಮನೆಗಳು ತಪ್ಪಿಹೋಗಬಹುದು. ಇದು ಸರಿಮಾಡಬಹುದಾದ ವಿಷಯ, ಆದರೆ ನೀವು ದೂರು ಕೊಟ್ಟರೆ ಮಾತ್ರ ಅವರಿಗೆ ಗೊತ್ತಾಗುತ್ತದೆ.

ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಎಂಬುದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಹೋಗುವುದು ನಿಜ, ಮಳೆಯೇ ತಿನ್ನುತ್ತದೆ ಎಂಬುದು ಸುಳ್ಳು. ಫೋನ್ ಬಳಸುವ 700ರಿಂದ 3500 ಮೆಗಾಹರ್ಟ್ಸ್ ತರಂಗಕ್ಕೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಒದ್ದೆ ಎಲೆ ಸ್ವಲ್ಪ ತಡೆಯುತ್ತದೆ, ಅಷ್ಟೇ. ಮೈಕ್ರೋವೇವ್ ಡಿಶ್‌ಗಳು ಇನ್ನೂ ಮೇಲಿನ ತರಂಗ ಬಳಸುವುದರಿಂದ ಜಡಿಮಳೆಯಲ್ಲಿ ಅವು ತತ್ತರಿಸುವುದುಂಟು. ಆದರೆ ಆಷಾಢದಲ್ಲಿ ನೆಟ್ ಸಾಯುವುದಕ್ಕೆ ದೊಡ್ಡ ಕಾರಣ ಕರೆಂಟು. ಮರ ಬಿದ್ದು ಲೈನ್ ಹೋಗುತ್ತದೆ. ಟವರ್ ಬ್ಯಾಟರಿ ಮೇಲೆ ಕೆಲವು ಗಂಟೆ ಓಡುತ್ತದೆ. ಡೀಸೆಲ್ ಜನರೇಟರ್ ಇಲ್ಲದಿದ್ದರೆ, ಇದ್ದೂ ಡೀಸೆಲ್ ತರುವವರು ಬರದಿದ್ದರೆ, ಮುಗಿಯಿತು. ಬ್ಯಾಟರಿ ಉಳಿಸಲು ಕೆಲವೆಡೆ ಮೊದಲು 4ಜಿ, 5ಜಿಯ ಒಂದು ಭಾಗವನ್ನು ನಿಲ್ಲಿಸಿ ಕಾಲ್ ಮಾತ್ರ ಉಳಿಸಿಕೊಳ್ಳುತ್ತಾರೆ. ಇನ್ನೊಂದು ಕಾರಣ ಫೈಬರ್ ಕಟ್. ಧರೆ ಕುಸಿದರೂ ಕಟ್, ರಸ್ತೆ ಅಗಲ ಮಾಡುವ ಜೆಸಿಬಿ ತಾಗಿದರೂ ಕಟ್. ಶಿರಾಡಿ ಘಾಟಿಯ ಕಡೆ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ನೆಟ್ ಹೋದಾಗ ಕರೆಂಟ್ ಹೋಗಿ ಎಷ್ಟು ಹೊತ್ತಾಗಿತ್ತು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ದೂರು ಕೊಡುವಾಗ ಆ ಚೀಟಿಗೆ ಬಹಳ ಬೆಲೆ ಇದೆ.

ಸಿಮ್ ಬದಲಾಯಿಸಿ, ಅದು ಬೇಕೇಬೇಕು. ಆದರೆ ಹೇಗೆ ಎಂಬುದರಲ್ಲಿ ಜಾಗ್ರತೆ. ಆಧಾರ್ ಹಿಡಿದು ಕಂಪನಿಯ ಸ್ವಂತ ಕೇಂದ್ರಕ್ಕೆ, ಅಥವಾ ನಿಮಗೆ ಪರಿಚಯವಿರುವ ಅಧಿಕೃತ ಅಂಗಡಿಗೆ ನೀವೇ ಹೋಗಿ. ನಂಬರ್ ಅದೇ ಇರುತ್ತದೆ. ಹೊಸ ಸಿಮ್ ಶುರುವಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬೇರೆಯವರು ನಿಮ್ಮ ಹೆಸರಿನಲ್ಲಿ ಸಿಮ್ ಪಡೆದು ಬ್ಯಾಂಕ್ ಖಾಲಿ ಮಾಡದಿರಲಿ ಎಂದು ಮಾಡಿದ ನಿಯಮ ಅದು. ನಿಮಗೆ ಮಾತ್ರ ಇದರ ಅರ್ಥ ಬೇರೆ: ಆ ಒಂದು ದಿನ ಆನೆಯ ಎಸ್‌ಎಂಎಸ್ ಕೂಡ ಬರುವುದಿಲ್ಲ. ಮನೆಯ ಎಲ್ಲರ ಸಿಮ್‌ಗಳನ್ನೂ ಒಂದೇ ದಿನ ಬದಲಿಸಬೇಡಿ. ನಿಮ್ಮದು ಬದಲಾಗುವ ಮುಂಚೆ ಮನೆಯ ಇನ್ನೊಬ್ಬರ ನಂಬರನ್ನು ಆನೆ ಮೆಸೇಜಿನ ಪಟ್ಟಿಗೆ ಸೇರಿಸಲು ಅರಣ್ಯ ಇಲಾಖೆಯವರಿಗೆ ಹೇಳಿ. ಬ್ಯಾಂಕಿನ ಕೆಲಸವಿದ್ದರೆ ಹಿಂದಿನ ದಿನವೇ ಮುಗಿಸಿಕೊಳ್ಳಿ.

ಓಟಿಪಿ ಕೇಳಿದವರ ಬಗ್ಗೆ: ಅವರು ಕಳ್ಳರು. 3ಜಿ ನಿಲ್ಲುತ್ತದೆ ಎಂಬ ನಿಜವಾದ ಸುದ್ದಿಯನ್ನೇ ಬಳಸಿಕೊಂಡು ಬರುವುದರಿಂದ ಜನ ನಂಬುತ್ತಾರೆ. ಯಾವ ಕಂಪನಿಯೂ ಕಾಲ್ ಮಾಡಿ ಓಟಿಪಿ ಕೇಳುವುದಿಲ್ಲ, ಸಿಮ್ ಹಿಂದಿರುವ ಉದ್ದ ನಂಬರನ್ನೂ ಕೇಳುವುದಿಲ್ಲ. ಆ ಕಾಲ್ ಬಂದ ನಂಬರನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನ ‘ಚಕ್ಷು’ ವಿಭಾಗದಲ್ಲಿ ದಾಖಲಿಸಿ. ಯಾರಾದರೂ ಹೇಳಿಬಿಟ್ಟು ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಾಲ್ ಮಾಡಬೇಕು. ಇದ್ದಕ್ಕಿದ್ದಂತೆ ನಿಮ್ಮ ಫೋನಿನಲ್ಲಿ ಮಾತ್ರ ‘ನೋ ಸರ್ವೀಸ್’ ಬಂದು, ಅದೇ ಕಂಪನಿಯ ಸಿಮ್ ಇರುವ ಬೇರೆಯವರ ಫೋನ್ ಸರಿ ಇದ್ದರೆ ಅದನ್ನು ನೆಟ್‌ವರ್ಕ್ ತೊಂದರೆ ಎಂದು ಬಿಡಬೇಡಿ. ನಿಮ್ಮ ನಂಬರ್ ಬೇರೆ ಸಿಮ್‌ಗೆ ಹೋಗಿರಬಹುದು.

ಅತ್ತೆಯ ಕೀಪ್ಯಾಡ್ ಫೋನ್ ಸದ್ಯ ನಡೆಯುತ್ತದೆ. ಅದು ಓಡುವುದು 2ಜಿಯಲ್ಲಿ. ಏರ್‌ಟೆಲ್ 3ಜಿ ನಿಲ್ಲಿಸಿದಾಗಲೂ 2ಜಿ ಉಳಿಸಿಕೊಂಡಿತು, ಬಿಎಸ್‌ಎನ್‌ಎಲ್‌ನಲ್ಲೂ 2ಜಿ ಇದೆ. ಜಿಯೋದಲ್ಲಿ ಮಾತ್ರ 2016ರಲ್ಲಿ ಶುರುವಾದಾಗಿನಿಂದಲೂ 2ಜಿ, 3ಜಿ ಇಲ್ಲ, ಹಳೇ ಕೀಪ್ಯಾಡ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮುಂದೆ ಬದಲಿಸುವಾಗ 4ಜಿ ಕೀಪ್ಯಾಡ್ ಫೋನ್ ಕೊಡಿಸಿ, ಗುಂಡಿ ಒತ್ತುವ ಅಭ್ಯಾಸ ಹಾಗೇ ಉಳಿಯುತ್ತದೆ. ಒಂದೇ ಕಂಪನಿಯ ಸಿಮ್ ಹಿಡಿಯುವ ಸೆಟ್‌ಗಳೂ ಇವೆ, ಜಿಯೋಭಾರತ್ ಅಂಥದ್ದು. ಕೇಳಿ ತಗೊಳ್ಳಿ.

5ಜಿ ಫೋನ್ ಬೇಕಾ? ನಿಮ್ಮ ಈಗಿನ ತೊಂದರೆಗೆ ಬೇಡ. ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನೇ ಉದ್ಘಾಟಿಸಿದ್ದು 2025ರ ಸೆಪ್ಟೆಂಬರ್ 27ರಂದು, 97,500 ಟವರ್‌ಗಳೊಂದಿಗೆ. ಅದರ ಕೋರ್, ಅಂದರೆ ಇಡೀ ನೆಟ್‌ವರ್ಕ್ ನಡೆಸುವ ಕೇಂದ್ರ ವ್ಯವಸ್ಥೆ, ಸರ್ಕಾರಿ ಸಂಸ್ಥೆ ಸಿ-ಡಾಟ್‌ನದ್ದು, ರೇಡಿಯೊ ಉಪಕರಣ ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದ್ದು, ಜೋಡಿಸಿದ್ದು ಟಿಸಿಎಸ್. ಇಂಥ ಉಪಕರಣ ಮಾಡುವ ದೇಶಗಳು ಕೆಲವೇ ಕೆಲವು, ಆ ಸಾಲಿಗೆ ನಾವೂ ಸೇರಿದ್ದು ನನಗೆ ತುಂಬಾ ಖುಷಿಯ ವಿಷಯ. ಆದರೆ ನಿಮ್ಮ ಊರಿನ ಟವರ್‌ನಲ್ಲಿ ಇರುವುದು 4ಜಿ. 5ಜಿ ಫೋನ್ ತಂದರೂ ಅದು 4ಜಿಯಲ್ಲೇ ಓಡುತ್ತದೆ. ಹಳೇ ಫೋನಿನಲ್ಲಿ ಬ್ಯಾಂಡ್ ಇಲ್ಲ, ವೋಲ್ಟಿ ಇಲ್ಲ ಎಂದು ಖಾತ್ರಿಯಾದರೆ ಫೋನ್ ಬದಲಿಸಿ, ಆಗ ಬೆಲೆ ಹೊಂದಿದರೆ 5ಜಿ ಇರುವುದನ್ನೇ ತಗೊಳ್ಳಿ. ಅಂಗಡಿಯಲ್ಲಿ ಎಷ್ಟು ಜಿ ಎಂದು ಕೇಳುವುದಕ್ಕಿಂತ ಬ್ಯಾಂಡ್ 28, 1, 3, 5, 40 ಇವೆಯಾ ಎಂದು ಕೇಳಿ. ಈಗಾಗಲೇ 5ಜಿ ಫೋನ್ ಇರುವವರಿಗೂ ಒಂದು ಮಾತು: ದೂರದ 5ಜಿಯ ತುಣುಕು ಸಿಗ್ನಲ್ ಹಿಡಿಯಲು ಫೋನ್ ಪದೇ ಪದೇ ಒದ್ದಾಡುತ್ತಿದ್ದರೆ ಬ್ಯಾಟರಿ ಬೇಗ ಇಳಿಯುತ್ತದೆ. ತೋಟದಲ್ಲಿರುವಾಗ ನೆಟ್‌ವರ್ಕ್ ಟೈಪನ್ನು 4ಜಿಗೆ ಇಟ್ಟುಕೊಳ್ಳಿ.

ಇನ್ನು ಜೇನು. ನಿಮ್ಮ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ, ಜೇನು ಕಳೆದುಕೊಂಡ ಊರು ಇದು. ಆದರೆ ತುಡುವೆ ಜೇನು ದಕ್ಷಿಣ ಭಾರತದಲ್ಲಿ ಸಾಮೂಹಿಕವಾಗಿ ನಾಶವಾದದ್ದು 1990ರ ದಶಕದ ಮೊದಲ ವರ್ಷಗಳಲ್ಲಿ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ಸಿನಿಂದ. ಮರಿಹುಳು ನೀರು ತುಂಬಿದ ಚೀಲದಂತಾಗಿ ಸಾಯುವ ರೋಗ ಅದು. ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈನಲ್ಲಿ. ಆಗ ಟವರ್ ಎಲ್ಲಿತ್ತು? ಗೂಡಿನೊಳಗೇ ಫೋನ್ ಇಟ್ಟು ಮಾಡಿದ ಪ್ರಯೋಗಗಳಲ್ಲಿ ಜೇನು ಗಲಿಬಿಲಿಗೊಂಡದ್ದುಂಟು, ಆದರೆ ದೂರದ ಟವರ್‌ನಿಂದ ಗೂಡುಗಳು ಹಾಳಾಗುತ್ತವೆ ಎಂದು ಸಾಬೀತಾಗಿಲ್ಲ. ಪೆಟ್ಟಿಗೆ ಖಾಲಿಯಾದರೆ ಮೊದಲು ರೋಗ ನೋಡಿ, ಸುತ್ತ ಹೊಡೆದ ಔಷಧಿ ನೋಡಿ, ಹೂವಿಲ್ಲದ ಮಳೆಗಾಲದಲ್ಲಿ ಆಹಾರ ಇತ್ತಾ ನೋಡಿ.

ಮನುಷ್ಯರ ವಿಷಯಕ್ಕೆ ಬಂದರೆ, 2012ರಲ್ಲಿ ನಮ್ಮ ದೇಶ ಟವರ್ ವಿಕಿರಣಕ್ಕೆ ಅಂತಾರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಭಾಗವನ್ನು ಮಿತಿ ಎಂದು ಇಟ್ಟಿತು. ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಜನ ಗಮನಿಸದ ಸಂಗತಿ ಒಂದಿದೆ: ಸಿಗ್ನಲ್ ಕಮ್ಮಿ ಇರುವಲ್ಲಿ ಫೋನ್ ತನ್ನ ಪೂರ್ತಿ ಶಕ್ತಿ ಹಾಕಿ ಟವರನ್ನು ಕೂಗುತ್ತದೆ, ಅದೂ ನಿಮ್ಮ ಕೆನ್ನೆಗೆ ಒತ್ತಿಕೊಂಡು. ಸಿಗ್ನಲ್ ಚೆನ್ನಾಗಿದ್ದರೆ ಫೋನಿನಿಂದ ಬರುವುದು ಕಡಿಮೆಯಾಗುತ್ತದೆ. ನಿಮ್ಮ ಊರಿನ ಟವರ್ ಮಿತಿಯೊಳಗಿದೆಯಾ ಎಂದು ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ನೋಡಬಹುದು.

ಬೂಸ್ಟರ್ ಮಾತ್ರ ಬೇಡವೇ ಬೇಡ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ಆನ್‌ಲೈನಿನಲ್ಲಿ ಸಲೀಸಾಗಿ ಸಿಗುತ್ತದೆ ಎಂದ ಮಾತ್ರಕ್ಕೆ ಸರಿಯಾಗುವುದಿಲ್ಲ. ಅಗ್ಗದ ಬೂಸ್ಟರ್ ನಿಮ್ಮ ಸಿಗ್ನಲ್ ಜೊತೆ ಗದ್ದಲವನ್ನೂ ದೊಡ್ಡದು ಮಾಡಿ ಟವರ್‌ಗೆ ಎಸೆಯುತ್ತದೆ. ಆಗ ಟವರ್‌ಗೆ ದೂರದವರ ಫೋನ್ ಕೇಳಿಸುವುದಿಲ್ಲ. ನಿಮ್ಮ ಮನೆಯಲ್ಲಿ ಎರಡು ಬಾರ್ ಏರಿ, ಇಡೀ ಊರಿನ ಕಾಲ್ ಕಟ್ ಆಗುತ್ತದೆ. ಪಕ್ಕದ ತೋಟದಲ್ಲಿ ಈಗಾಗಲೇ ಒಂದು ಓಡುತ್ತಿದ್ದರೆ, ನಿಮ್ಮ ತೊಂದರೆಗೆ ಅದೇ ಕಾರಣ ಇದ್ದರೂ ಇರಬಹುದು. ನಾಲ್ಕು ದಿನ ಆಫ್ ಮಾಡಿ ನೋಡೋಣ ಎಂದು ಕೇಳಿಕೊಳ್ಳಿ.

ಮನೆಯೊಳಗೆ ಸಿಗ್ನಲ್ ಇಲ್ಲದವರಿಗೆ ನಾನು ಮೊದಲು ಹೇಳುವುದು ವೈಫೈ ಕಾಲಿಂಗ್. ಊರಿಗೆ ಫೈಬರ್ ನೆಟ್ ಬಂದಿದ್ದರೆ, ಫೋನ್ ಮತ್ತು ಕಂಪನಿ ಎರಡೂ ಒಪ್ಪುವುದಾದರೆ, ಟವರ್ ಇಲ್ಲದೆಯೂ ಅದೇ ನಂಬರಿನಿಂದ ಕಾಲ್ ಹೋಗುತ್ತದೆ, ಬರುತ್ತದೆ. ರೂಟರ್‌ಗೆ ಸಣ್ಣ ಯುಪಿಎಸ್ ಹಾಕಿ, ಇಲ್ಲವಾದರೆ ಕರೆಂಟ್ ಹೋದಾಗ ಇದೂ ಹೋಗುತ್ತದೆ. ಆದರೆ ಇದು ಮನೆಗೆ ಮಾತ್ರ, ತೋಟದ ತುದಿಗಲ್ಲ.

ಕಂಪನಿ ಬದಲಿಸುವುದಾದರೆ ಆತುರ ಬೇಡ. ಬೇರೆ ಕಂಪನಿಯ ಸಿಮ್ ಇರುವ ನೆಂಟರೊಬ್ಬರ ಫೋನ್ ತಗೊಂಡು ಕಣ, ಅಡುಗೆಮನೆ, ತೋಟದ ತುದಿ, ಮೂರು ಕಡೆಯೂ ಆ ಡಿಬಿಎಂ ಸಂಖ್ಯೆ ನೋಡಿ. ಕರೆಂಟ್ ಹೋದ ದಿನವೂ ನೋಡಿ. ಎರಡು ಕಂಪನಿಯೂ ಒಂದೇ ಟವರ್ ಮೇಲಿದ್ದರೆ ಕರೆಂಟ್ ಸಮಸ್ಯೆ ಅಲ್ಲೂ ಇರುತ್ತದೆ. ಸರ್ಕಾರದ ಹಣದಲ್ಲಿ ಕಟ್ಟಿದ ಕೆಲವು 4ಜಿ ಟವರ್‌ಗಳಲ್ಲಿ 2025ರ ಜನವರಿಯಿಂದ ಒಂದು ಕಂಪನಿಯ ಸಿಮ್ ಇನ್ನೊಂದರ ಟವರ್‌ನಲ್ಲೂ ಓಡುತ್ತದೆ, ನಿಮ್ಮದು ಅಂಥದ್ದೇ ಎಂದು ವಿಚಾರಿಸಿ. ಸಿಮ್ ಬದಲಿಸಿದ ಮೇಲೆ 7 ದಿನ ಪೋರ್ಟ್ ಮಾಡಲು, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸಲು, ಬಿಡುವುದಿಲ್ಲ, ಅದೂ ನೆನಪಿರಲಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಪೋರ್ಟ್ ಮಾಡದೆ, ಎರಡನೇ ಸಿಮ್ ಜಾಗದಲ್ಲಿ ಬೇರೆ ಟವರ್ ಬಳಸುವ ಕಂಪನಿಯ ಸಿಮ್ ಹಾಕಿಕೊಳ್ಳುತ್ತಿದ್ದೆ. ತಿಂಗಳ ಖರ್ಚು ಸ್ವಲ್ಪ ಜಾಸ್ತಿ, ಹೌದು. ಆದರೆ ಆನೆ ಇರುವ ಊರಿನಲ್ಲಿ ಒಂದೇ ಟವರ್ ನಂಬಿಕೊಂಡಿರುವುದು ನನಗೆ ಸರಿಕಾಣುವುದಿಲ್ಲ.

ಜೊತೆಗೆ ದೂರು ಕೊಡಿ. ಕಂಪನಿಯ ದೂರಿನ ನಂಬರ್ 198ಕ್ಕೆ ಕಾಲ್ ಮಾಡಿ, ದೂರಿಗೆ ಅವರು ಕೊಡುವ ಡಾಕೆಟ್ ನಂಬರ್ ಬರೆದುಕೊಳ್ಳಿ. ‘ನೆಟ್ ಬರಲ್ಲ’ ಎಂದಷ್ಟೇ ಹೇಳಿದರೆ ಎರಡು ದಿನದಲ್ಲಿ ಮುಚ್ಚಿಬಿಡುತ್ತಾರೆ. ಜಾಗದ ಹೆಸರು, ಡಿಬಿಎಂ ಸಂಖ್ಯೆ, ಅಕ್ಷರ 4ಜಿಯೋ ‘ಇ’ಯೋ, ಎಷ್ಟು ಗಂಟೆಗೆ, ಕರೆಂಟ್ ಇತ್ತೋ ಇಲ್ಲವೋ, ಆಂಟೆನಾ ಬದಲಿಸುವ ಮುಂಚೆ ಹೇಗಿತ್ತು, ಇಷ್ಟನ್ನೂ ಹೇಳಿ. ಅಕ್ಕಪಕ್ಕದ ಮನೆಗಳವರೂ ಬೇರೆ ಬೇರೆಯಾಗಿ ಕೊಡಲಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಡಾಕೆಟ್ ನಂಬರ್ ಹಾಕಿ ಬರೆಯಬಹುದು, ಅದಕ್ಕೆ ದುಡ್ಡಿಲ್ಲ. ಆನೆ ಮೆಸೇಜಿನ ವಿಷಯವನ್ನು ಮೊದಲ ಸಾಲಿನಲ್ಲೇ ಬರೆಯಿರಿ.